ಹನ್ನೊಂದು ತತ್ತಿ, ಒಂದು ಮೊಳೆ

ನಮ್ಮವರು ತೀರಿಕೊಂಡ ದಿನ ನನ್ನ ನಾದಿನಿ ಅಂಜುಮ ಘಾಟ್ಕೋಪರಿನಿಂದ ಎರಡು ಚೀಲ ಬಟ್ಟೆ ಹೊತ್ತುಕೊಂಡು ಬಂದಳು. ಮಣ್ಣಿಗೆ ಬಂದು, ಮೂರನೆಯ ದಿನದ ಫಾತೆಹಾ ಮುಗಿಸಿ ಹೋಗುವವರಿಗೆ ಎರಡು ಚೀಲ ಬೇಕಾಗುವುದಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು. ಆದರೆ ಮಯ್ಯತ್ ಇನ್ನೂ ಮಣ್ಣಾಗದೆ ಮನೆಯಲ್ಲಿರುವಾಗ ಬಂದವರ ಚೀಲ ಯಾರು ಎಣಿಸುತ್ತಾರೆ?

ಮೂರನೆಯ ದಿನ ಎಲ್ಲರೂ ಹೋದರು. ಅಂಜುಮ ನಮ್ಮವರ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು.

"ನಿನ್ನ ಇದ್ದತ್ ಸರಿಯಾಗಿ ಆಗಬೇಕಲ್ಲ ಭಾಬಿ. ಅದಕ್ಕ ನಾ ಇಲ್ಲೇ ಇರ್ತೀನಿ. ನೂರೀನ ಭೀ ಇರ್ತಾಳ."

ನೂರೀನ ಅವಳ ಮಗಳು, ಕಾಲೇಜಿಗೆ ಹೋಗುವವಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ಮಾತು ಕುಂಟುತ್ತದೆ. ಅಂಜುಮಳ ಗಂಡ ಘಾಟ್ಕೋಪರಿನಲ್ಲಿ ಒಬ್ಬನೇ ಉಳಿದ. ಈ ನಡುವೆ ಅವನು ಮೈತುಂಬಿಕೊಂಡಿದ್ದಾನೆ ಎಂದು ಕಂಡವರು ಹೇಳುತ್ತಾರೆ.

ಇದ್ದತ್ ಎಂದರೆ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ತನ್ನ ಮನೆಯಲ್ಲೇ ಇರುವುದು. ಒಡವೆಯಿಲ್ಲ, ಅತ್ತರಿಲ್ಲ, ಕಣ್ಣಿಗೆ ಸುರ್ಮಾ ಇಲ್ಲ, ಪರಗಂಡಸರ ಎದುರಿಗೆ ಬರುವುದಿಲ್ಲ. ಇದು ದೇವರು ವಿಧಿಸಿದ್ದು. ನನಗೆ ಭಾರವಾಗಲಿಲ್ಲ. ನಲವತ್ತೊಂದು ವರ್ಷ ಜೊತೆಗಿದ್ದವರನ್ನು ಕಳುಹಿಸಿಕೊಟ್ಟವಳಿಗೆ ಹೋಗುವುದಕ್ಕೆ ಊರೆಲ್ಲಿದೆ? ದೇವರ ಇದ್ದತ್ ಹಗುರವಾಗಿಯೇ ಇತ್ತು. ಭಾರವಾದದ್ದು ಅಂಜುಮಳ ಇದ್ದತ್. ಅವಳ ಪ್ರಕಾರ ನಾನು ಬಾಗಿಲ ಬಳಿ ಕೂರಬಾರದು, ನಗಬಾರದು, ಕನ್ನಡಿಯ ಕಡೆ ಬೆನ್ನು ಮಾಡಿ ಮಲಗಬೇಕು, ಲಿಂಬೆಹಣ್ಣು ಮುಟ್ಟಬಾರದು.

"ಲಿಂಬೆಹಣ್ಣಿನದು ಯಾವ ಕಿತಾಬಿನಾಗ ಅದ ಅಂಜುಮ?"

"ನಮ್ಮ ಸಾಸ್ ಹೇಳ್ತಿದ್ಳು."

ಅವಳ ಅತ್ತೆ ಬದುಕಿದ್ದಾಗ ಅವಳ ಒಂದು ಮಾತನ್ನೂ ಅಂಜುಮ ಕೇಳಿದ್ದು ನನಗೆ ನೆನಪಿಲ್ಲ. ಸತ್ತ ಮೇಲೆ ಅತ್ತೆಯಂದಿರಿಗೆ ಮಾನ ಹೆಚ್ಚು.

ಕಾಂದಿವಲಿಯ ನಮ್ಮ ಚಾಲಿನ ಸಾಲುಮನೆಗಳು ನೆಲಮಟ್ಟದವು. ಅಡುಗೆಮನೆಯ ಹಿಂದೆ ಹತ್ತು ಹೆಜ್ಜೆ ಉದ್ದದ ಹಿತ್ತಲು. ಅದರ ಆಚೆ ಕಾರ್ಖಾನೆಯ ಗೋಡೆ. ಆ ಗೋಡೆಯ ಒಳಗೆ ನಮ್ಮವರು ಮುಬಾರಕರು ಮೂವತ್ತು ವರ್ಷ ಲೇಥ್ ಯಂತ್ರ ನಡೆಸಿದರು. ಕೆಲಸ ಬಿಟ್ಟ ಮೇಲೆ ಗೋಡೆಯ ಈಚೆ ಕೋಳಿ ಸಾಕಿದರು. ಆರು ಹೆಣ್ಣು, ಒಂದು ಹುಂಜ. ಬೆಳಗಿನ ಫಜರ್ ನಮಾಜಿಗೆ ಅವರನ್ನು ಎಬ್ಬಿಸುತ್ತಿದ್ದದ್ದು ಆ ಹುಂಜ.

ಎರಡು ವರ್ಷದ ಹಿಂದೆ ಪಕ್ಕದಲ್ಲಿ ಹದಿನೆಂಟು ಅಂತಸ್ತಿನ ಟವರ್ ಎದ್ದಿತು. ಅದನ್ನು ಕಟ್ಟುವಾಗ ನಾಲ್ಕು ವರ್ಷ ಹಗಲೆಲ್ಲ ಕಬ್ಬಿಣ ಬಡಿದರು; ನಾವು ಯಾರಿಗೂ ಕಾಗದ ಬರೆಯಲಿಲ್ಲ. ಟವರಿನವರು ವಾಸಕ್ಕೆ ಬಂದು ಒಂದು ತಿಂಗಳಾಗಿತ್ತೋ ಇಲ್ಲವೋ, ಸೆಕ್ರೆಟರಿ ವಾಚ್‌ಮನ್ ಕೈಲಿ ಕಾಗದ ಕಳಿಸಿದ. ನಿಮ್ಮ ಹುಂಜದಿಂದ ನಮ್ಮ ನಿವಾಸಿಗಳ ನಿದ್ರೆ ಕೆಡುತ್ತಿದೆ ಎಂದು. ನಮ್ಮವರು ಜಗಳವಾಡುವವರಲ್ಲ. ಹುಂಜವನ್ನು ಬೇರೆಯವರ ಕೈಲಿ ಕೊಯ್ಯಿಸಿ ಹಂಚಿಬಿಟ್ಟರು, ತಾವು ಒಂದು ತುಂಡೂ ಬಾಯಿಗಿಡಲಿಲ್ಲ. ಮರುದಿನದಿಂದ ಫೋನಿನಲ್ಲಿ ಅಲಾರಂ.

"ಹುಂಜ ಕೂಗಿದ್ರ ಅದು ಆಕಾಶದಿಂದ ಇಳಿಯೋ ಫರಿಶ್ತೆನ್ನ ಕಂಡದ ಅಂತ ಹಿರಿಯರು ಹೇಳ್ತಾರ. ಆಗ ದೇವರ ಕೃಪಾ ಬೇಡಬೇಕು. ಫೋನ್ ಕೂಗಿದ್ರ ಏನು ಕಂಡದ ಅಂತ ತಿಳ್ಕೋಬೇಕು ಮಲಿಕಾ?" ಎಂದು ನನ್ನನ್ನು ಕೇಳಿದ್ದರು.

ಕೊನೆಯ ತಿಂಗಳಲ್ಲಿ ಅವರಿಗೆ ಅದೊಂದೇ ಹಂಬಲ. ನಮ್ಮ ಓಣಿಯ ಕೊನೆಯಲ್ಲಿ ಬಸಲಿಂಗವ್ವ ಇದ್ದಾಳೆ, ಇಂಡಿ ಕಡೆಯವಳು, ಕಾರ್ಖಾನೆಯ ಕನ್ನಡದ ಹುಡುಗರಿಗೆ ಜೋಳದ ರೊಟ್ಟಿ ಬಡಿದುಕೊಡುವವಳು. ಅವಳು ಊರಿಗೆ ಹೊರಟಾಗ ಅವರು ಹೇಳಿದರು: "ನಿಮ್ಮ ಅಕ್ಕನ ಮನ್ಯಾಗ ಹುಂಜ ಅದಾವಲ್ಲ, ಬರೋವಾಗ ಹನ್ನೊಂದು ತತ್ತಿ ತಾ. ನಮ್ಮ ಕೋಳಿ ಒಂದು ಕಾವಿಗೆ ಕೂತ್ರ ಇಟ್ಟು ನೋಡೋಣು. ಒಂದರೆ ಹುಂಜ ಹುಟ್ಲಿ."

"ಮತ್ತ ಟವರಿನವರು?" ಎಂದೆ.

"ಅಷ್ಟರಾಗ ನನಗ ಕಿವಿ ಮಂದ ಆಗಿರ್ತದ. ಅವರು ಬೈದದ್ದು ಕೇಳ್ಸೂದಿಲ್ಲ."

ಬಸಲಿಂಗವ್ವ ಊರಿಗೆ ಹೋದ ಮೂರನೆಯ ದಿನ, ಜುಹರ್ ನಮಾಜಿಗೆ ಕೈಕಾಲು ತೊಳೆಯಲು ಕೂತವರು ಏಳಲಿಲ್ಲ. ಇನ್ನಾ ಲಿಲ್ಲಾಹಿ.

ಅವರು ಹೋದ ಎಂಟನೆಯ ದಿನ ಕರಿ ಕೋಳಿ ಕಾವಿಗೆ ಕೂತಿತು. ಬದುಕಿದ್ದಾಗ ಒಂದು ದಿನ ಕೂರದಿದ್ದದ್ದು ಅವರು ಹೋದ ಮೇಲೆ ಕೂತಿತು. ಅದಕ್ಕೆ ಅವರೇ ಸುರ್ಮಾ ಎಂದು ಹೆಸರಿಟ್ಟಿದ್ದರು. ಆ ಹೆಸರಿಗೂ ಅಂಜುಮ ತಗಾದೆ ತೆಗೆದಳು. ಇದ್ದತ್ತಿನಲ್ಲಿರುವವಳು ಸುರ್ಮಾ ಹಚ್ಚಬಾರದಷ್ಟೇ ಅಲ್ಲ, ಆ ಮಾತನ್ನೂ ಆಡಬಾರದಂತೆ.

ಕಾವಿಗೆ ಕೂತ ಕೋಳಿಯನ್ನು ನೋಡದವರಿಗೆ ಹೇಳುತ್ತೇನೆ. ಅದು ಮೈಗರಿಯನ್ನೆಲ್ಲ ಉಬ್ಬಿಸಿ ಎರಡರಷ್ಟಾಗುತ್ತದೆ. ಎದೆಯ ಗರಿಯನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಹತ್ತಿರ ಹೋದರೆ ಬೆಕ್ಕಿನಂತೆ ಗುರುಗುಡುತ್ತದೆ. ತತ್ತಿ ಇಡುವುದನ್ನು ನಿಲ್ಲಿಸುತ್ತದೆ. ಅಡಿಯಲ್ಲಿ ತತ್ತಿ ಇದೆಯೋ ಕಲ್ಲಿದೆಯೋ ಏನೂ ಇಲ್ಲವೋ, ಅದು ಕೂತೇ ಇರುತ್ತದೆ.

ಉಳಿದ ಐದು ಕೋಳಿಗಳಿಗೆ ಇದು ಸಹಿಸುವುದಿಲ್ಲ. ಅವುಗಳಿಗೆಲ್ಲ ಯಜಮಾನಿ ಕೆಂಪಿ, ದಪ್ಪ ಕುತ್ತಿಗೆಯ ಕೆಂಪು ಕೋಳಿ. ಕಾಳು ಹಾಕಿದರೆ ಮೊದಲು ಅವಳು, ನೀರಿಗೆ ಮೊದಲು ಅವಳು, ಮರದ ಹಲಗೆಯ ಮೇಲಿನ ಒಳ್ಳೆಯ ಜಾಗ ಅವಳದು. ಹಿತ್ತಲಿನಲ್ಲಿ ಬೇರೆ ಗೂಡುಗಳಿದ್ದರೂ ಸುರ್ಮಾ ಕೂತ ಗೂಡಿನಲ್ಲೇ ತತ್ತಿ ಇಡಬೇಕೆಂದು ಕೆಂಪಿಗೆ ಹಟ. ಹೋಗಿ ನೆತ್ತಿಯ ಮೇಲೆ ಕುಕ್ಕಿದಳು. ಯಜಮಾನಿ ಕುಕ್ಕಿದ್ದನ್ನು ನೋಡಿ ಉಳಿದ ನಾಲ್ಕೂ ಕುಕ್ಕಿದವು. ಅವುಗಳಿಗೆ ಸುರ್ಮಾಳ ಮೇಲೆ ಯಾವ ದ್ವೇಷವೂ ಇರಲಿಲ್ಲ. ಕುಕ್ಕದಿದ್ದರೆ ತಮ್ಮ ಸರದಿ ಬರುತ್ತದೆಂಬ ಭಯ ಅಷ್ಟೇ. ಚಾಲಿನಲ್ಲೂ ಇಂಥವರನ್ನು ಕಂಡಿದ್ದೇನೆ.

ಕಾಳು ಹಾಕಲು ಹೋಗುತ್ತಿದ್ದವಳು ನೂರೀನ. ಮೂಗಿಗೆ ದುಪಟ್ಟಾ ಹಿಡಿದುಕೊಂಡು ಬಾಗಿಲಿನಿಂದಲೇ ಎಸೆದು ಬರುತ್ತಿದ್ದಳು. ಏಕೆಂದರೆ ನಾನು ಹಿತ್ತಲಿಗೆ ಹೋಗುವುದನ್ನು ಅವಳ ತಾಯಿ ತಡೆದಿದ್ದಳು. ಟವರಿನ ಹದಿನೆಂಟು ಅಂತಸ್ತಿನ ಕಿಟಕಿಗಳಿಂದ ಪರಗಂಡಸರು ನನ್ನನ್ನು ನೋಡಿಬಿಡುತ್ತಾರಂತೆ. ನನಗೆ ಅರವತ್ಮೂರು ವರ್ಷ, ಎರಡೂ ಮೊಣಕಾಲು ಬಾತಿವೆ.

ಹತ್ತನೆಯ ದಿನ ನೂರೀನ ಓಡಿಬಂದಳು. "ಮಾಮಿ, ಆ ಕಾಲಿ ಮುರ್ಗಿ... ತಲೆಯಲ್ಲಿ ಖೂನ್ ಬಂತು. ಎಲ್ಲರೂ ಅದನ್ನೇ... ಮತ್ತೆ ಮತ್ತೆ ಅಲ್ಲೇ ಹೊಡೀತಾರೆ."

"ರಕ್ತ ಕಂಡಲ್ಲೇ ಕುಕ್ಕತಾವ ಬೇಟಾ. ಅರಿಸಿನ ಎಣ್ಣಿ ಕಲಸಿ ಹಚ್ಚು."

ಅಂಜುಮ ಕುರ್ಚಿಯಿಂದಲೇ ನಕ್ಕಳು. "ಯಾಕ ಹಚ್ಚಬೇಕು? ಹುಂಜ ಇಲ್ಲದ ಮನ್ಯಾಗ ತತ್ತಿ ಮ್ಯಾಲೆ ಕೂತದ. ಬಂಜಿ ತತ್ತಿ. ಏನು ಹುಟ್ಟತದ ಅದರಾಗ? ಕೂತದ್ದೇ ಬಂತು. ಈ ಮನ್ಯಾಗ ಹಂಗ ಕೂತವರು ಮೊದಲಿಂದ ಅದಾರಲ್ಲ."

ನಮಗೆ ಮಕ್ಕಳಾಗಲಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು, ದೇವರಿಗೂ ಗೊತ್ತು. ನಾನು ತಸ್ಬೀಹ್ ಕೈಗೆ ತೆಗೆದುಕೊಂಡೆ. ಮಣಿ ಎಣಿಸಲಿಲ್ಲ. ಹಿಡಿದುಕೊಂಡಿದ್ದೆ ಅಷ್ಟೇ.

ಚಾಲಿನ ಹೆಂಗಸರು ನನ್ನನ್ನು ಮಾತಾಡಿಸಲು ಬಂದವರು ಕೋಳಿಗೂ ಔಷಧ ಹೇಳಿ ಹೋದರು. ಬಕೆಟಿನ ನೀರಿನಲ್ಲಿ ಮೂರು ಸಲ ಅದ್ದಿದರೆ ಕಾವು ಇಳಿಯುತ್ತದೆ ಎಂದಳು ಒಬ್ಬಳು. ಅದರದೇ ಗರಿಯನ್ನು ಮೂಗಿನಲ್ಲಿ ಚುಚ್ಚಬೇಕು ಎಂದಳು ಇನ್ನೊಬ್ಬಳು. ಕೋಳಿ ಸಾಕದವರಿಗೆ ಕೋಳಿಯ ವಿಷಯ ಹೆಚ್ಚು ಗೊತ್ತಿರುತ್ತದೆ, ಗಂಡ ಬದುಕಿರುವವರಿಗೆ ಇದ್ದತ್ತಿನ ವಿಷಯ ಗೊತ್ತಿರುವ ಹಾಗೆ.

ಅಂಜುಮ ಎಲ್ಲವನ್ನೂ ಕೇಳಿ ತೀರ್ಪು ಕೊಟ್ಟಳು. "ನೀರು ಯಾಕ, ಗರಿ ಯಾಕ. ಚಾಲೀಸ್ವಾ ಬಂತಲ್ಲ, ಆವಾಗ ಕೊಯ್ದರಾಯ್ತು." ಚಾಲೀಸ್ವಾ ಎಂದರೆ ನಲವತ್ತನೆಯ ದಿನದ ಫಾತೆಹಾ. ಅವರ ಹೆಸರಿನ ಊಟಕ್ಕೆ ಅವರು ಸಾಕಿದ ಕೋಳಿ.

ಹದಿನಾಲ್ಕನೆಯ ದಿನ ಮಧ್ಯಾಹ್ನ ಓಣಿಯಿಂದಲೇ ದೊಡ್ಡ ದನಿ ಕೇಳಿತು.

"ಅಣ್ಣಾರ, ನಿಮ್ಮ ಹನ್ನೊಂದು ಮಂದಿ ಬಂದಾರ ನೋಡ್ರೀ! ಜನರಲ್ ಡಬ್ಬಿನಾಗ ತೊಡಿ ಮ್ಯಾಲ ಕುಂಡ್ರಿಸಿಕೊಂಡು ಬಂದೀನಿ. ಒಬ್ಬರದೂ ತಲಿ ಒಡದಿಲ್ಲ!"

ಬಸಲಿಂಗವ್ವ ಒಳಗೆ ಕಾಲಿಟ್ಟು ನನ್ನ ಬಿಳಿ ಸೀರೆ ನೋಡಿದಳು. ಕುರ್ಚಿಯಲ್ಲಿ ಅಂಜುಮಳನ್ನು ನೋಡಿದಳು. ಕಂಕುಳಲ್ಲಿದ್ದ ತಗಡಿನ ಡಬ್ಬಿಯನ್ನು ಮೆಲ್ಲಗೆ ಇಳಿಸಿ ಹೊಸ್ತಿಲ ಮೇಲೆಯೇ ಕೂತಳು. ಡಬ್ಬಿಯ ತುಂಬ ಜೋಳ. ಜೋಳದೊಳಗೆ ಹುದುಗಿ ಹನ್ನೊಂದು ತತ್ತಿ.

ಕೊನೆಗೆ ಸೆರಗಿನಿಂದ ಮುಖ ಒರೆಸಿ ಕೇಳಿದಳು: "ಇವನ್ನೇನ ಮಾಡ್ಲಿ ಬೂಬಮ್ಮ?"

"ಅವರು ತರಿಸಿದ್ದು. ಇಡೋಣು," ಎಂದೆ. ಅವರು ಹೋದ ಮೇಲೆ ನನಗೆ ಇಂಥದು ಬೇಕು ಎಂದು ನಾನು ಹೇಳಿದ ಮೊದಲ ಮಾತು ಅದು.

ಅಂಜುಮ ಕೇಳಿಸಿಕೊಂಡು, "ಹಿತ್ತಲಕ ಹೋಗಂಗಿಲ್ಲ," ಎಂದಳು. ನಾನು ನೂರೀನಳ ಫೋನಿನಲ್ಲಿ ನಮ್ಮ ಮಸೀದಿಯ ಮೌಲಾನಾರನ್ನು ಕೇಳಿಸಿದೆ. ಅವರು ಹೇಳಿದ್ದು ಇಷ್ಟೇ: ಹಿತ್ತಲು ನಿಮ್ಮ ಮನೆಯೇ. ತಲೆಯ ಮೇಲೆ ಸೆರಗು ಹೊದ್ದು ಹೋಗಿ. ಮೂಕ ಪ್ರಾಣಿಗೆ ಕಾಳು ಹಾಕುವುದು ಪುಣ್ಯದ ಕೆಲಸ.

"ಆ ಮೌಲಾನಾ ಹೊಸಬ," ಎಂದಳು ಅಂಜುಮ. ಅವರು ಅಲ್ಲಿಗೆ ಬಂದು ಹನ್ನೊಂದು ವರ್ಷವಾಗಿತ್ತು.

ತತ್ತಿಗಳಿಗೆ ಒಂದು ದಿನ ವಿಶ್ರಾಂತಿ ಕೊಟ್ಟೆವು. ಅಷ್ಟು ದೂರ ರೈಲಿನಲ್ಲಿ ಕುಲುಕಾಡಿದವು. ನಮ್ಮವರ ಹಳೆಯ ಹತ್ಯಾರುಗಳ ಮರದ ಪೆಟ್ಟಿಗೆ ತೆಗೆದು ಭತ್ತದ ಹುಲ್ಲು ಹಾಸಿದೆವು. ಬಸಲಿಂಗವ್ವ ಹುಲ್ಲಿನಡಿ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು ಇಟ್ಟಳು. ಗುಡುಗು ಸಿಡಿಲಿಗೆ ತತ್ತಿ ಕೆಡಬಾರದೆಂದು ನಮ್ಮ ಕಡೆ ಎಲ್ಲರೂ ಇಡುತ್ತಾರೆ. ನನ್ನ ತಾಯಿಯೂ ಇಡುತ್ತಿದ್ದಳು. ಸಿಡಿಲಿಗೂ ಮೊಳೆಗೂ ಏನು ಸಂಬಂಧವೋ ನಾನು ಕೇಳಿಲ್ಲ. ಕಾಪಾಡುವವನು ದೇವರೇ. ಆದರೆ ಮೊಳೆಯಿಂದ ಯಾರಿಗೂ ತೊಂದರೆಯಿಲ್ಲ ಎಂದು ಬಿಟ್ಟೆ. ಅಲ್ಲೇ ತಪ್ಪಿದೆ.

ಆಮೇಲೆ ನಾನು ಪೆನ್ಸಿಲಿನಿಂದ ತತ್ತಿಗಳ ಮೇಲೆ ಒಂದರಿಂದ ಹನ್ನೊಂದರವರೆಗೆ ಅಂಕಿ ಬರೆದೆ, ಕನ್ನಡದಲ್ಲಿ. ಸಿಂದಗಿಯಲ್ಲಿ ನನ್ನ ತಂದೆ ಕನ್ನಡ ಶಾಲೆಯ ಮಾಸ್ತರರು. ಅವರು ಕಲಿಸಿದ ಅಂಕಿ. ಬೇರೆ ಕೋಳಿಗಳು ಬಂದು ಅದೇ ಗೂಡಿನಲ್ಲಿ ಇಟ್ಟುಹೋದರೆ ಅಂಕಿಯಿಲ್ಲದ್ದನ್ನು ತೆಗೆದುಬಿಡಬಹುದು. ಇಲ್ಲದಿದ್ದರೆ ದಿನಕ್ಕೊಂದು ಹೊಸದು ಸೇರಿ, ಯಾವುದು ಯಾವಾಗ ಒಡೆಯುತ್ತದೋ ಗೊತ್ತಾಗದೆ ಎಲ್ಲವೂ ಹಾಳು.

ಕೆಂಪಿಯ ಕಾಟಕ್ಕೆ ಸುರ್ಮಾಳನ್ನು ಬೇರೆ ಕಡೆ ಒಯ್ಯೋಣವೇ ಎಂದು ಕೇಳಿದೆ. ಬಸಲಿಂಗವ್ವ ತಲೆಯಾಡಿಸಿದಳು.

"ಕುಕ್ಕಿಸಿಕೊಂಡದ್ದನ್ನ ತಗೀಬಾರದ್ರೀ. ಅದನ್ನ ತಗದು ತಿರುಗಿ ತಂದ್ರ ಮತ್ತಿಷ್ಟು ಕುಕ್ಕತಾವ. ಕುಕ್ಕೋದನ್ನ ತಗೀಬೇಕು. ನಾಕು ದಿನ ನಮ್ಮ ಮನ್ಯಾಗ ಬುಟ್ಟಿ ಕವುಚಿ ಹಾಕ್ತೀನಿ. ತಿರುಗಿ ಬಂದಾಗ ಅಕಿ ಇಲ್ಲಿಗೆ ಹೊಸ ಬೀಗತಿ ಆಗಿರ್ತಾಳ, ನೋಡ್ರಿ."

ಕೆಂಪಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೋದಳು. ನಾಲ್ಕು ದಿನ ಹಿತ್ತಲಿನಲ್ಲಿ ಸದ್ದಿಲ್ಲ. ಉಳಿದ ನಾಲ್ಕು ಕೋಳಿಗಳು ತಾವು ಎಂದೂ ಯಾರನ್ನೂ ಕುಕ್ಕಿಯೇ ಇಲ್ಲ ಎಂಬಂತೆ ಓಡಾಡಿಕೊಂಡಿದ್ದವು. ಐದನೆಯ ದಿನ ಕೆಂಪಿಯನ್ನು ತಂದು ಬಿಟ್ಟಾಗ ಅವಳು ಗತ್ತಿನಿಂದಲೇ ಕಾಳಿನತ್ತ ನಡೆದಳು. ಒಂದು ಬಿಳಿ ಕೋಳಿ, ಅಲ್ಲಿಯವರೆಗೆ ತಲೆಯೆತ್ತದಿದ್ದದ್ದು, ಅವಳ ಕುತ್ತಿಗೆಗೆ ಒಂದು ಕೊಟ್ಟಿತು. ಕೆಂಪಿ ಹೋಗಿ ನೀರಿನ ಕುಡಿಕೆಯ ಪಕ್ಕ ನಿಂತಳು. ಎಲ್ಲವೂ ಕುಡಿದಾದ ಮೇಲೆ ಕುಡಿದಳು.

ಆಮೇಲೆ ಸುರ್ಮಾಗೆ ನೆಮ್ಮದಿ. ಜುಹರ್ ಬಾಂಗು ಕೇಳುವ ಹೊತ್ತಿಗೆ ದಿನಕ್ಕೊಮ್ಮೆ ಎದ್ದು, ತಿಂದು, ಕುಡಿದು, ಮೂಗು ಮುಚ್ಚಿಕೊಳ್ಳುವಂಥ ದೊಡ್ಡದೊಂದು ಹಿಕ್ಕೆ ಹಾಕಿ, ದೂಳಿನಲ್ಲಿ ಎರಡು ಹೊರಳು ಹೊರಳಿ ಓಡಿಬರುತ್ತಿದ್ದಳು. ನಾನು ಹತ್ತಿರವೇ ಮಣೆ ಹಾಕಿಕೊಂಡು ತಸ್ಬೀಹ್ ಮಾಡುತ್ತಿದ್ದೆ. ಇಬ್ಬರೂ ಕೂತಿರುತ್ತಿದ್ದೆವು. ಹದಿನೆಂಟು ಅಂತಸ್ತಿನಲ್ಲಿ ಯಾವ ಕಿಟಕಿಯಿಂದಲೂ ಯಾವ ಗಂಡಸೂ ನನ್ನನ್ನು ನೋಡಲಿಲ್ಲ. ಅವರೆಲ್ಲ ತಮ್ಮ ಫೋನ್ ನೋಡುತ್ತಿದ್ದರು.

ಅಂಜುಮಳಿಗೆ ಕೋಳಿಯೆಂದರೆ ಹೇಸಿಗೆ. ತಟ್ಟೆಯಲ್ಲಿದ್ದರೆ ಮಾತ್ರ ಇಲ್ಲ. ಆದ್ದರಿಂದ ಅವಳು ಗೂಡಿನ ಹತ್ತಿರ ಸುಳಿದಿರಲಿಲ್ಲ. ಮೂವತ್ತೈದನೆಯ ದಿನ ಸಂಜೆ, ಚಾಲೀಸ್ವಾದ ಅಡುಗೆಗೆ ಕೋಳಿ ಎಷ್ಟು ತೂಗುತ್ತದೆ ನೋಡಬೇಕೆಂದು ಹಿತ್ತಲಿಗೆ ಹೋದಳು. ನಾನು ಅಸರ್ ನಮಾಜಿನಲ್ಲಿದ್ದೆ. ಸಲಾಂ ಹೇಳಿ ಮುಗಿಸುವಷ್ಟರಲ್ಲಿ ಕಿರುಚು ಕೇಳಿತು. ಸುರ್ಮಾ ಅವಳ ಕೈಯಿಂದ ಒಂದಿಷ್ಟು ಚರ್ಮ ತೆಗೆದುಕೊಂಡಿದ್ದಳು. ಅಂಜುಮ ಕಿರುಚಿದ್ದು ಅದಕ್ಕಲ್ಲ. ಕೋಳಿ ಮೇಲೆದ್ದಾಗ ಹುಲ್ಲು ಸರಿದು ಒಳಗಿದ್ದದ್ದೆಲ್ಲ ಅವಳಿಗೆ ಕಂಡಿತ್ತು.

"ಜಾದೂ! ಮೊಳೆ! ಕೋಯ್ಲಾ! ತತ್ತಿ ಮ್ಯಾಲ ಲಿಖಾವಟ್! ಕರೀ ಕೋಳಿ! ನನ್ನ ಭಾಯ್‌ಜಾನ್‌ನ್ನ ಹಿಂಗೇ ತಿಂದಾರ!"

ಅಂಜುಮ ಹಿಂದಿ ಶಾಲೆಯಲ್ಲಿ ಕಲಿತವಳು. ಅವಳ ಅಪ್ಪನಿಗೆ ಕನ್ನಡ ಓದಲು ಬರುತ್ತಿತ್ತು, ಅಣ್ಣನಿಗೆ ಬರುತ್ತಿತ್ತು, ಅವಳಿಗೆ ಬಾರದು.

"ಅಂಜುಮ, ಅದು ಅಂಕಿ. ಎಣಿಸಿ ಇಟ್ಟೀನಿ. ಮೊಳಿ ಸಿಡ್ಲಿಗೆ ಇಡ್ತಾರ, ನಿಮ್ಮ ಅವ್ವ ಭೀ ಇಡ್ತಿದ್ಳು."

"ನಮ್ಮ ಅಮ್ಮನ ಹೆಸರು ತಗೀಬ್ಯಾಡ!" ಎಂದು ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಘಾಟ್ಕೋಪರಿಗೆ ಫೋನ್ ಹಚ್ಚಿದಳು. ಅಲ್ಲಿ ಶಾಹೀದ ಬಾಬಾ ಎಂಬ ಒಬ್ಬ ಆಮಿಲ್ ಇದ್ದಾನಂತೆ, ಮಾಟ ತೆಗೆಯುವವನು. ನಾಳೆ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದನಂತೆ.

ನಾನು ಲೆಕ್ಕ ಹಾಕಿದೆ. ನಾಳೆ ಎಂದರೆ ತತ್ತಿ ಇಟ್ಟ ಇಪ್ಪತ್ತೊಂದನೆಯ ದಿನ, ಮರಿ ಒಡೆಯುವ ದಿನ.

ಬೆಳಿಗ್ಗೆ ಫಜರ್ ಮುಗಿಸಿ ಅಗಳಿ ತೆಗೆದು ಹೋದೆ. ಸುರ್ಮಾ ಗುರುಗುಡಲಿಲ್ಲ. ಬೇರೆ ಏನೋ ಸಣ್ಣ ದನಿಯಲ್ಲಿ ಕೊಕ್ ಕೊಕ್ ಎನ್ನುತ್ತಿದ್ದಳು. ಅವಳು ಅಂಥ ದನಿ ತೆಗೆದದ್ದನ್ನು ನಾನು ಕೇಳಿರಲಿಲ್ಲ. ಕೈ ಒಳಗೆ ತೂರಿಸಿ ಒಂದು ತತ್ತಿ ತೆಗೆದು ಕಿವಿಗೆ ಹಿಡಿದೆ. ಏಳನೆಯದು. ಕಣ್ಣೀರು ಬಂತು. ಅದನ್ನು ಅಲ್ಲೇ ಇಟ್ಟು ಒಳಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ಹತ್ತು ಗಂಟೆಗೆ ಬಾಬಾ ಬಂದ. ಟವರಿನ ಕಿಟಕಿಯ ಗಂಡಸರಿಂದ ನನ್ನನ್ನು ಕಾಪಾಡಿದ ಅಂಜುಮ, ಈ ಗಂಡಸನ್ನು ಕೈಹಿಡಿದು ಕರೆದುಕೊಂಡು ಬಂದಂತೆ ಒಳಗೆ ತಂದು ನಮ್ಮವರ ಕುರ್ಚಿಯಲ್ಲಿ ಕೂರಿಸಿದಳು. ನಾನು ಅಡುಗೆಮನೆಯ ಪರದೆಯ ಹಿಂದೆ ಸರಿದೆ. ಪರದೆಯಲ್ಲಿ ಒಂದು ತೂತು ಇದೆ. ಇದ್ದತ್ತಿನವಳು ಹೊರಗಿನವರಿಗೆ ಕಾಣಬಾರದು. ಹೊರಗಿನವರು ಅವಳಿಗೆ ಕಾಣಬಾರದು ಎಂದು ಅಂಜುಮಳ ಅತ್ತೆ ಹೇಳಿರಲಿಲ್ಲ.

ಬಾಬಾನ ಕಣ್ಣಿನ ತುಂಬ ಸುರ್ಮಾ ಇತ್ತು. ಬೆರಳಿಗೊಂದು ಹರಳು. ವಸ್ತು ತನ್ನಿ ಎಂದ. ಅಂಜುಮ ಇಕ್ಕಳ ಹಿಡಿದು ಹಿತ್ತಲಿಗೆ ಹೋಗಿ, ಕೈಗೆ ಮತ್ತೆರಡು ಗಾಯ ಮಾಡಿಸಿಕೊಂಡು, ಮೊಳೆ, ಇದ್ದಿಲು, ಒಂದು ತತ್ತಿ ಇಷ್ಟನ್ನು ತಾಟಿನಲ್ಲಿ ತಂದಳು. ಪರದೆಯ ತೂತಿನಿಂದ ನೋಡಿದೆ. ತತ್ತಿಯ ಮೇಲೆ ೭. ಫ್ಯಾನಿನ ಗಾಳಿ ನೇರವಾಗಿ ಅದರ ಮೇಲೆ ಬೀಸುತ್ತಿತ್ತು. ಒಳಗಿರುವ ಜೀವ ಹಸಿ ಮೈಯದು, ತಣ್ಣಗಾದರೆ ಮುಗಿಯಿತು.

ಬಾಬಾ ನಿಧಾನಸ್ಥ. ಮೊಳೆಯನ್ನು ನೋಡಿ "ತೋಬಾ" ಎಂದ. ಇದ್ದಿಲನ್ನು ನೋಡಿ "ತೋಬಾ ತೋಬಾ" ಎಂದ. ತತ್ತಿಯ ಮೇಲಿನ ಏಳನ್ನು ನೋಡಿ ಕಣ್ಣು ಮುಚ್ಚಿದ.

"ಯೇ ಸೌತ್ ಕಾ ಇಲ್ಮ್ ಹೈ, ದಕ್ಷಿಣದ ವಿದ್ಯಾ. ಬಹುತ್ ಸಖ್ತ್. ಇದರಾಗ ಒಂದು ಜಿನ್ನ್ ಕೈದು ಮಾಡ್ಯಾರ. ಈ ಮನೀ ಗಂಡಸಿನ ಜೀವಾ ಅದೇ ತಗೊಂಡದ."

ಅಂಜುಮ ಎದೆ ಬಡಿದುಕೊಂಡಳು. ಪರಿಹಾರ ಏನು ಎಂದಳು.

ತತ್ತಿಗಳನ್ನೆಲ್ಲ ಸಮುದ್ರದ ಖಾಡಿಯ ನೀರಿಗೆ ಎಸೆಯಬೇಕಂತೆ. ಕರಿ ಕೋಳಿಯನ್ನು ಮಾತ್ರ ಬೇರೆ ಯಾರೂ ಕೊಯ್ಯಬಾರದಂತೆ, ಅವನೇ ಒಯ್ಯಬೇಕಂತೆ, ಅದರ ಮೇಲೆ ಅವನೇ ಮಾಡಬೇಕಾದ ಅಮಲು, ಅಂದರೆ ಮಂತ್ರದ ವಿಧಿ, ಇದೆಯಂತೆ. ಮಸಾಲೆ ಹಾಕಿ ಮಾಡುವ ಅಮಲನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನಾನು ಪರದೆಯ ಹಿಂದಿನಿಂದ ಮಾತಾಡಿದೆ.

"ಬಾಬಾ ಸಾಹೇಬರ, ಒಳಗಿರೋ ಜಿನ್ನ್ ಯಾರದು, ಯಾರು ಕಳಿಸ್ಯಾರ ಅಂತ ಅದನ್ನೇ ಕೇಳಬಾರದೇನ್ರೀ? ಸಣ್ಣ ಆಮಿಲರಿಗೆ ಆಗೂದಿಲ್ಲ ಅಂತಾರ. ನಿಮ್ಮಂಥವರಿಗೆ ಆಗತದೇನೋ. ಕಿವಿಗೆ ಹಿಡದು ಕೇಳ್ರಿ. ಕೈಯಾಗ ಬೆಚ್ಚಗ ಹಿಡೀರಿ, ಇಲ್ಲಾಂದ್ರ ಮಾತಾಡೂದಿಲ್ಲಂತ."

ಅಂಜುಮ ಅವನ ಮುಖ ನೋಡಿದಳು. ನೂರೀನ ನೋಡಿದಳು. ದೊಡ್ಡ ಆಮಿಲನಿಗೆ ಬೇರೆ ದಾರಿ ಉಳಿಯಲಿಲ್ಲ. ಎರಡೂ ಅಂಗೈಯಲ್ಲಿ ತತ್ತಿ ಹಿಡಿದು, ತುಟಿ ಅಲುಗಿಸುತ್ತ, ಏನೇನೋ ಊದಿ ಕಿವಿಗೆ ತಂದ.

"ಬೋಲ್! ಕೌನ್ ಹೈ ತೂ?" ಎಂದು ಗದರಿಸಿದ.

ಗದರಿದ್ದು ಒಳಗಿದ್ದದ್ದಕ್ಕೆ ಕೇಳಿಸಿರಬೇಕು. ಚಿಯ್ಯಂವ್, ಚಿಯ್ಯಂವ್ ಎಂದಿತು.

ಬಾಬಾನ ಮುಖದಲ್ಲಿ ರಕ್ತವೆಲ್ಲ ಇಳಿದುಹೋಯಿತು. ಇಷ್ಟು ವರ್ಷ ಜಿನ್ನುಗಳನ್ನು ಮಾತಾಡಿಸಿದವನಿಗೆ ಒಂದು ಜಿನ್ನ್ ಉತ್ತರ ಕೊಟ್ಟದ್ದು ಅದೇ ಮೊದಲಿರಬೇಕು. "ಯಾ ಅಲ್ಲಾಹ್" ಎಂದು ಕೈ ಕೊಡವಿ ಎದ್ದ.

ನೂರೀನ ದುಪಟ್ಟಾ ಒಡ್ಡಿ ತತ್ತಿಯನ್ನು ಹಿಡಿದಳು. ಕಾಲೇಜಿನಲ್ಲಿ ಅವಳು ಏನು ಕಲಿಯುತ್ತಾಳೋ ಗೊತ್ತಿಲ್ಲ, ಕ್ಯಾಚ್ ಹಿಡಿಯುವುದು ಕಲಿತಿದ್ದಳು. ಬಾಬಾ ಬಾಗಿಲು ದಾಟುವಾಗ ಒಂದು ಚಪ್ಪಲಿ ಇಲ್ಲೇ ಉಳಿಯಿತು. ರೊಟ್ಟಿ ಕೊಟ್ಟು ಬರುತ್ತಿದ್ದ ಬಸಲಿಂಗವ್ವ ಎದುರಾಗಿ, "ಯಾರ್ರೀ ಇವ, ಹಾವು ತುಳದವರಂಗ ಓಡ್ಯಾನ?" ಎಂದು ಕೇಳುತ್ತ ಒಳಗೆ ಬಂದಳು.

"ಅಮ್ಮಿ," ಎಂದಳು ನೂರೀನ, ತತ್ತಿಯನ್ನು ಎದೆಗೆ ಒತ್ತಿಕೊಂಡು, "ಇದು ಜಿನ್ನ್ ಅಲ್ಲ. ಇದು... ಚಿಕ್ ಹೈ. ಮೂಗು ಕಾಣ್ತದೆ ನೋಡು." ಚಿಪ್ಪಿನಲ್ಲಿ ಆಗಷ್ಟೇ ಅಕ್ಕಿಕಾಳಿನಷ್ಟು ತೂತು ಬಿದ್ದಿತ್ತು. ಅದರಲ್ಲಿ ಕೊಕ್ಕು ಆಡುತ್ತಿತ್ತು.

ಅಂಜುಮ ನೋಡಲಿಲ್ಲ. ಅವಳಿಗೆ ಬಿ.ಪಿ. ಏರಿತು. ಗುಳಿಗೆ ಘಾಟ್ಕೋಪರಿನಲ್ಲಿ ಉಳಿದಿದೆ ಎಂದು ಒಂದು ಚೀಲ ಹಿಡಿದು ಹೊರಟಳು. ನೂರೀನ, ಪರೀಕ್ಷೆ ಇದೆ, ಇಲ್ಲಿಂದ ಕಾಲೇಜು ಹತ್ತಿರ ಎಂದು ಉಳಿದಳು. ಪರೀಕ್ಷೆ ಇರಲಿಲ್ಲವೆಂದು ಆಮೇಲೆ ನನಗೆ ಹೇಳಿದಳು. ದೇವರು ಕ್ಷಮಿಸಲಿ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಎಂಟು ಮರಿ. ಮೂರು ಒಡೆಯಲಿಲ್ಲ, ಬಸಲಿಂಗವ್ವ ಅವನ್ನು ಗೋಡೆಯ ಬುಡದಲ್ಲಿ ಮಣ್ಣು ಮಾಡಿದಳು. ಗಾಳಿಗೆ ಸಿಕ್ಕಿದ್ದ ಏಳನೆಯದು ಎಲ್ಲಕ್ಕಿಂತ ಕೊನೆಗೆ ಹೊರಬಂತು. ಒಂದು ಕಾಲು ಸ್ವಲ್ಪ ಸೊಟ್ಟ. ಬದುಕುತ್ತದೋ ಇಲ್ಲವೋ ಎಂದು ನಾವು ನೋಡುತ್ತಿರುವಾಗಲೇ ಅದು ಹೋಗಿ ತನ್ನ ಅಣ್ಣನನ್ನು ಕುಕ್ಕಿತು.

ನಲವತ್ತನೆಯ ದಿನ ಬೆಳಿಗ್ಗೆ ಅಂಜುಮ ಬಂದಳು. ಹೋಗಿ ನಾಲ್ಕು ದಿನವಾಗಿತ್ತು. ಬೆಕ್ಕಿನ ಕಾಟಕ್ಕೆಂದು ನಾವು ಮರಿಗಳ ಬುಟ್ಟಿಯನ್ನು ನಮ್ಮವರ ಕುರ್ಚಿಯ ಮೇಲೆ ಇಟ್ಟಿದ್ದೆವು. ಬಸಲಿಂಗವ್ವ ಮನೆಯ ನಡುವೆ ಕಾಲು ಚಾಚಿ ಈರುಳ್ಳಿ ಹೆಚ್ಚುತ್ತಿದ್ದಳು. ನೂರೀನ ದಾಲ್ಚಾದ ಬೇಳೆ ಆರಿಸುತ್ತಿದ್ದಳು. ಯಾರೂ ಏಳಲಿಲ್ಲ.

ಅಂಜುಮ ಕುರ್ಚಿ ನೋಡಿದಳು. ಬಾಗಿಲ ಬಳಿ ನೋಡಿದಳು. ಆಮೇಲೆ ಹೋಗಿ ನೀರಿನ ಗಡಿಗೆಯ ಪಕ್ಕ ನಿಂತಳು.

ಬಸಲಿಂಗವ್ವ ಈರುಳ್ಳಿಯಿಂದ ಕಣ್ಣೆತ್ತಿ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಇದ್ದತ್ತಿನಲ್ಲಿ ನಗಬಾರದು.

"ನಾ ಎಲ್ಲಿ ಕುಂಡ್ರಲಿ ಭಾಬಿ?" ಎಂದಳು ಅಂಜುಮ. ಅವಳು ಆ ಮನೆಯಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವಳ ಕಣ್ಣು ಬಾತಿತ್ತು. ಅವಳಿಗೂ ಇದ್ದದ್ದು ಒಬ್ಬನೇ ಅಣ್ಣ. ಅಷ್ಟು ದಿನ ಕುಕ್ಕುವುದರಲ್ಲಿ ಅವಳಿಗೆ ಅಳಲು ಬಿಡುವಾಗಿರಲಿಲ್ಲ.

ನಾನು ಚಾಪೆಯ ಮೇಲೆ ಸರಿದು ಜಾಗ ಮಾಡಿದೆ. ಅವಳು ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಒಂದು ಚಾಕು ತೆಗೆದುಕೊಂಡು ಈರುಳ್ಳಿ ಹೆಚ್ಚಿದಳು, ದಪ್ಪ ದಪ್ಪ.

ಫಾತೆಹಾ ಆಯಿತು. ಅನ್ನ, ದಾಲ್ಚಾ, ಸಿಹಿ. ಕೋಳಿಯಿಲ್ಲದ ಚಾಲೀಸ್ವಾ ಎಂಥದು ಎಂದು ಚಾಲಿನವರು ಆಡಿಕೊಂಡು, ಎರಡೆರಡು ಸಲ ಬಡಿಸಿಕೊಂಡು ಹೋದರು.

ಸಂಜೆ ಅಂಜುಮ ಬುಟ್ಟಿಯೊಳಗೆ ಬಗ್ಗಿ ನೋಡಿದಳು. "ಇವುಗಳಾಗ ಹುಂಜ ಯಾವುದು?"

"ಈಗ ಹೇಳಾಕ ಬರಾಂಗಿಲ್ಲವ್ವ," ಎಂದಳು ಬಸಲಿಂಗವ್ವ. "ಜುಟ್ಟು ಬರಬೇಕು. ಕೂಗಾಕ ಮೂರು ತಿಂಗಳ ಹಿಡೀತೈತಿ."

ನನ್ನ ಇದ್ದತ್ ಮುಗಿಯಲು ಇನ್ನು ತೊಂಬತ್ತು ದಿನ. ಒಂದಾದರೂ ಹುಂಜವಿರಲಿ ಎಂದು ಐದು ಹೊತ್ತೂ ಬೇಡುತ್ತಿದ್ದೇನೆ, ಆ ಸೊಟ್ಟ ಕಾಲಿನದೇ ಆದರೂ ಆಗಲಿ. ಟವರಿನ ಸೆಕ್ರೆಟರಿ ಮತ್ತೆ ಕಾಗದ ಕಳಿಸುತ್ತಾನೆ, ಗೊತ್ತು. ಕಳಿಸಲಿ. ಅಷ್ಟು ಹೊತ್ತಿಗೆ ನಾನೇ ಎದ್ದು ಬಾಗಿಲಿಗೆ ಹೋಗಬಹುದು.